ಅಳು ಬಿಟ್ಟ ಕೂಸು

ಸತ್ತುಹೋದ ನನ್ನ ಅಕ್ಕನ ದನಿಯನ್ನು ಅವಳ ಜಾಗಕ್ಕೆ ಬಂದ ಹೆಂಗಸಿಗೆ ಕಲಿಸಿಕೊಟ್ಟವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರೂ ನನ್ನನ್ನು ಬಲವಂತ ಮಾಡಿರಲಿಲ್ಲ. ಅವ್ವ ಒಂದು ಮಾತು ಅಂದಳು, ನಾನು ಕುಣಿದುಕೊಂಡು ಹೋದೆ. ಹೊಗಳಿಕೆ ಸಿಗುವ ಕಡೆಗೆ ನಾನು ಯಾವಾಗಲೂ ಕುಣಿದುಕೊಂಡೇ ಹೋಗುತ್ತೇನೆ. ಬರುವಾಗ ಮಾತ್ರ ಕಾಲೆಳೆದುಕೊಂಡು ಬರುತ್ತೇನೆ.

ನಾರಾಯಣಪೇಟೆಯಲ್ಲಿ ನನ್ನ ಬಾಯಿಗೆ ಬೀಳದ ಮನುಷ್ಯರು ಕಡಿಮೆ. ಕಚೇರಿಯ ಪೇಶ್ಕಾರರು ಬಾಯ್ತುಂಬ ಪಾನಿಟ್ಟುಕೊಂಡು, ರಸ ಹೊರಗೆ ಬೀಳದ ಹಾಗೆ ಗದ್ದ ಎತ್ತಿ ಉರ್ದುವಿನಲ್ಲಿ ಗದರುವುದನ್ನು ಮಾಡಿ ತೋರಿಸುತ್ತಿದ್ದೆ. ಕೋಸಗಿ ಬಸ್ಸಿನ ಕಂಡಕ್ಟರು ನಿಲ್ಲಲೂ ಜಾಗವಿಲ್ಲದ ಬಸ್ಸಿನ ಬಾಗಿಲಲ್ಲಿ ನಿಂತು ‘ಜಾಗಾ ಐತಿ, ಜಾಗಾ ಉಂದಿ, ಜಾಗಾ ಹೈ’ ಎಂದು ಒಂದೇ ಸುಳ್ಳನ್ನು ಮೂರು ಭಾಷೆಯಲ್ಲಿ ಕೂಗುವುದನ್ನೂ ಮಾಡುತ್ತಿದ್ದೆ. “ಎಲ್ಲಾರ ದನಿ ಬರತೈತಿ ನಿನಗ. ನಿಂದು ಯಾವುದೋ?” ಎಂದು ಅವ್ವ ಕೇಳುತ್ತಿದ್ದಳು. ನನ್ನದು ಮೂಗಿನಲ್ಲಿ ಬರುವ ದನಿ. ಬೇರೆ ಯಾರದಾದರೂ ಆಗಿದ್ದರೆ ಚೆನ್ನಾಗಿ ಅಣಕಿಸಬಹುದಿತ್ತು.

ಅಕ್ಕನನ್ನು ಮಕ್ತಲಿಗೆ ಕೊಟ್ಟಿದ್ದೆವು. ಭಾವನದು ಅಲ್ಲಿ ಅರಿವೆ ಅಂಗಡಿ. ಮಗಳು ಗೋಡೆ ಹಿಡಿಯುವುದನ್ನು ಬಿಟ್ಟು ಓಡಾಡಲು ಕಲಿತ ಸಮಯಕ್ಕೆ ಸರಿಯಾಗಿ ಅಕ್ಕ ಜ್ವರದಲ್ಲಿ ಹೋಗಿಬಿಟ್ಟಳು. ಭಾವ ಕೂಸನ್ನು ತಂದು ಅವ್ವನ ಮಡಿಲಿಗೆ ಹಾಕಿ ಹೊರಟುಹೋದ.

ಆಮೇಲಿನ ದಿನಗಳನ್ನು ನೆನೆದರೆ ನನಗೆ ಈಗಲೂ ಭುಜ ನೋಯುತ್ತದೆ. ಕೂಸು ಅಳುತ್ತಿತ್ತು. ಬೆಳಿಗ್ಗೆ ಎದ್ದೊಡನೆ ಅಳು, ಉಣ್ಣುವಾಗ ಅಳು. ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲ ಮೇಲೆ ಕೂತು ಬೀದಿಯನ್ನೇ ನೋಡುತ್ತ, ಯಾವ ಹೆಂಗಸು ಹಾದುಹೋದರೂ ಎದ್ದು ನಿಂತು, ಆಕೆ ಬೇರೆ ಯಾರೋ ಎಂದು ತಿಳಿದು, ಅಳು. ಅವ್ವ ಎತ್ತಿಕೊಂಡರೆ ನನ್ನ ಕಡೆ ಬಾಗುತ್ತಿತ್ತು. ನಾನು ಎತ್ತಿಕೊಂಡರೆ ನೆಲದ ಕಡೆ ಬಾಗುತ್ತಿತ್ತು. ಅಪ್ಪ ಹೋದಮೇಲೆ ಮಗ್ಗದ ಕುಣಿಗೆ ಇಳಿದವನು ನಾನು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಲಾಳಿ. ಸೀರೆಯ ಅಂಚಿನಲ್ಲಿ ಎಳೆ ತಪ್ಪಿದ್ದನ್ನು ನೂಲು ಕೊಡುವ ಸಾಹುಕಾರರು ಬೆರಳಿಟ್ಟು ತೋರಿಸಿದಾಗ, ಆ ಎಳೆ ತಪ್ಪಿದ್ದು ಯಾವ ಅಳುವಿಗೆ ಎಂದು ಕೂಡ ನಾನು ಹೇಳಬಲ್ಲವನಾಗಿದ್ದೆ. ಅವ್ವನ ಸೊಂಟ ಬಿದ್ದುಹೋಗಿತ್ತು. ರಾಟಿಯ ಮುಂದೆ ಕಂಡಿಕೆಗೆ ನೂಲು ಸುತ್ತುತ್ತ ಕೂತಲ್ಲೇ ತೂಕಡಿಸುತ್ತಿದ್ದಳು, ನೂಲು ಹರಿಯುತ್ತಿತ್ತು, ಹರಿದ ಸದ್ದಿಗೆ ಅವಳು ಎದ್ದರೆ, ಅವಳು ಎದ್ದ ಸದ್ದಿಗೆ ಕೂಸು.

ಇಂಥದ್ದರಲ್ಲಿ ಭಾವನಿಗೆ ಎರಡನೆಯ ಮದುವೆಯಾಯಿತು. ಗದ್ವಾಲದಲ್ಲಿದ್ದ ಭಾವನ ಅಕ್ಕ ಅಲ್ಲಿಗೆ ಹತ್ತಿರದ ಗಟ್ಟುವಿನಿಂದ ಹೆಣ್ಣು ತಂದಳು. ನಮ್ಮ ಕಡೆ ಒಂದು ಪದ್ಧತಿ ಇದೆ. ಎರಡನೆಯವಳು ಮೊದಲನೆಯವಳ ಗುರುತಿಗೆ ಒಂದು ಸಣ್ಣ ಬೆಳ್ಳಿ ಬಿಲ್ಲೆ ಮಾಡಿಸಿ ತಾಳಿಯ ಜೊತೆಗೆ ಕೊರಳಿಗೆ ಕಟ್ಟಿಕೊಳ್ಳಬೇಕು. ಸತ್ತವಳ ತವರಿಗೆ ಬಂದು ಅಲ್ಲಿಯ ಮಗಳಾಗಬೇಕು. ಹೀಗೆ ನನಗಿಂತ ಒಂದು ವರ್ಷ ಚಿಕ್ಕವಳೊಬ್ಬಳು ನಮ್ಮ ಮನೆಗೆ ಬಂದು, ಅವ್ವನನ್ನು ಅವ್ವಾ ಎಂದು, ನನ್ನನ್ನು ತಮ್ಮಾ ಎಂದು ಕರೆದಳು. ನಾನು ಅವಳನ್ನು ಅಕ್ಕಾ ಅನ್ನಬೇಕಾಯಿತು. ಮೊದಲ ದಿನ ಅನ್ನುವಾಗ ನನ್ನ ನಾಲಿಗೆಯೇ ನನ್ನನ್ನು ಅಣಕಿಸಿತು. ಇಲ್ಲಿ ಗೊಂದಲವಾಗದಿರಲೆಂದು ಅವಳನ್ನು ಹೊಸ ಅಕ್ಕ ಅನ್ನುತ್ತೇನೆ.

ಅವಳು ಬಂದದ್ದು ಕೂಸನ್ನು ಕರೆದುಕೊಂಡು ಹೋಗುವುದಕ್ಕೆ. ಆದರೆ ಅವ್ವ ಒಂದು ಹಟ ಹಿಡಿದಳು: ಕೂಸು ತಾನಾಗಿ ಇವಳಿಗೆ ಹೊಂದಿಕೊಂಡ ಮೇಲೆಯೇ ಮಕ್ತಲಿಗೆ ಕಳಿಸುವುದು, ಅಲ್ಲಿಯವರೆಗೆ ಇವಳೂ ಇಲ್ಲೇ ಇರಲಿ. ಭಾವನ ಆ ಅಕ್ಕನದೂ, ಅಂದರೆ ಕೂಸಿನ ಗದ್ವಾಲದ ಅತ್ತೆಯದೂ, ಒಂದು ಹಟವಿತ್ತು: ನಾಗರ ಪಂಚಮಿಯವರೆಗೆ ನೋಡುತ್ತೇನೆ, ಹೊಂದಲಿಲ್ಲವೆಂದರೆ ಕೂಸನ್ನು ನಾನೇ ಒಯ್ದು ಸಾಕುತ್ತೇನೆ. ಆಕೆಗೆ ಮಕ್ಕಳಿರಲಿಲ್ಲ, ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ, ಮನಸ್ಸೂ ಕೆಟ್ಟದ್ದಲ್ಲ. ನಾವೆಲ್ಲ ಎಷ್ಟು ದಣಿದಿದ್ದೆವೆಂದರೆ ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದೆವು. ಆದರೆ ಕೂಸು ಆಗಲೇ ಒಂದು ಮಡಿಲು ಕಳೆದುಕೊಂಡಿತ್ತು, ಇನ್ನೊಂದರಲ್ಲಿ ನೆಲೆಯಾಗದೆ ತೂಗಾಡುತ್ತಿತ್ತು. ಈಗ ಮೂರನೆಯದು. ಅದೂ ತಪ್ಪಿದರೆ ಕೃಷ್ಣೆಯ ಆಚೆ ಗದ್ವಾಲದಲ್ಲಿ ನಾಲ್ಕನೆಯದು.

ಅವ್ವ ಆ ಮಾತು ಅಂದದ್ದು ಆಗಲೇ. “ಕೊರಳಾಗ ನನ್ನ ಮಗಳನ್ನ ಕಟ್ಕೊಂಡು ಬಂದಾಳ. ಮೈಯಾಗೂ ಒಂದೀಟು ಬಂದ್ರ ಕೂಸಿಗೆ ಗುರುತು ಸಿಗತೈತಿ.” ಪೆಟ್ಟಿಗೆಯಿಂದ ಅಕ್ಕನ ಚೌಕಳಿ ಸೀರೆ ಬಂತು. ಅಕ್ಕ ಹಚ್ಚುತ್ತಿದ್ದ ಎಣ್ಣೆ ಬಂತು. ಇನ್ನು ಉಳಿದದ್ದು ದನಿ. ಅವ್ವ ನನ್ನ ಕಡೆ ನೋಡಿದಳು.

ಅಕ್ಕ ಮಗಳನ್ನು ಕರೆಯುವ ರೀತಿ ಒಂದು ಬೇರೆಯೇ ಇತ್ತು. “ಬಂಗಾರೀ…” ಎಂದು ಎಳೆದು, ಕೊನೆಯಲ್ಲಿ ದನಿ ಮೇಲೆತ್ತಿ, ಆಮೇಲೆ ನಾಲಿಗೆಯಲ್ಲಿ ಒಂದು ಸಣ್ಣ ಲೊಟಕು. ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಹೊಸ ಅಕ್ಕನಿಗೆ ಪಾಠ ಹೇಳಿದೆ. ಆಕೆಯದು ಗಟ್ಟುವಿನ ಗಡಸು ಮಾತು, ಅರ್ಧ ತೆಲುಗು. ಕರೆದರೆ ಹೊಲದ ಆ ಬದುವಿನಿಂದ ಕರೆದಂತೆ.

“ಅಷ್ಟು ಜೋರಲ್ಲ ಅಕ್ಕಾ. ಕುರಿ ಹೊಡೀತಿಯೇನು?”

“ನಿಮ್ಮಕ್ಕ ಹಾಡ್ತಿದ್ಲೋ ಕರೀತಿದ್ಲೋ?” ಎಂದು ಆಕೆ ಬೆವರು ಒರೆಸಿಕೊಳ್ಳುತ್ತಿದ್ದಳು. ಆದರೆ ಬಿಡಲಿಲ್ಲ. ಕೂಸು ಬೇಕಿತ್ತು ಆಕೆಗೆ. ಕೂಸು ಬರಲಿಲ್ಲವೆಂದರೆ ಮಕ್ತಲದಲ್ಲಿ ಮಲತಾಯಿ ಓಡಿಸಿದಳು ಅನ್ನುತ್ತಾರೆ ಎಂಬ ಹೆದರಿಕೆ ಇದ್ದೇ ಇತ್ತು. ಆದರೆ ಕೂಸು ಮಲಗಿದಾಗ ಅದರ ಪಾದದ ಹತ್ತಿರ ಸುಮ್ಮನೆ ಕೂತಿರುತ್ತಿದ್ದಳಲ್ಲ, ಅದು ಊರವರ ಹೆದರಿಕೆಗಲ್ಲ.

ಕೊನೆಗೆ ದನಿ ಬಂತು. ಎಷ್ಟು ಬಂತೆಂದರೆ ಕೇಳಿದ ನನಗೇ ಕುತ್ತಿಗೆಯ ಹಿಂದೆ ತಣ್ಣಗಾಯಿತು. ನಾನು ಆಗಲೇ ನಿಲ್ಲಿಸಬೇಕಿತ್ತು. ಅದರ ಬದಲು ‘ಶಭಾಷ್’ ಅಂದೆ.

ಮಾರನೆಯ ದಿನ ಆಕೆ ಅಕ್ಕನ ಸೀರೆಯುಟ್ಟು, ಬಾಗಿಲಿಗೆ ಬೆನ್ನು ಮಾಡಿ ನಿಂತು ಕರೆದಳು. ಹಿತ್ತಲಲ್ಲಿದ್ದ ಕೂಸು ಓಡುತ್ತ ಬಂತು. ಅದು ಹಾಗೆ ಓಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬಂದು ಸೀರೆಯ ನೆರಿಗೆಯಲ್ಲಿ ಮುಖ ಒತ್ತಿ ಕಾಲನ್ನು ಅಪ್ಪಿಕೊಂಡಿತು. ಹೊಸ ಅಕ್ಕ ತಿರುಗಿದಳು. ಕೂಸು ತಲೆಯೆತ್ತಿ ಮುಖ ನೋಡಿತು. ಬಹಳ ಹೊತ್ತು ನೋಡಿತು. ಆಮೇಲೆ ಸೀರೆ ಬಿಟ್ಟು, ಹಿಂದೆ ಹಿಂದೆ ಸರಿದು, ಜೋಳದ ಚೀಲದ ಮಗ್ಗುಲಿಗೆ ಹೋಗಿ ಕೂತಿತು.

“ಅಳಲಿಲ್ಲ ನೋಡ!” ಅಂದಳು ಅವ್ವ, ತಾನು ಮಾತ್ರ ಅಳುತ್ತ.

ದಿನವೂ ಅದನ್ನೇ ಮಾಡಿದೆವು. ಎರಡನೆಯ ಸಲ ಕೂಸು ಓಡಲಿಲ್ಲ, ನಡೆದು ಬಂತು. ಆಮೇಲೆ ಬಾಗಿಲ ತನಕ ಬಂದು ನಿಂತಿತು. ಆಮೇಲೆ ಬರಲೇ ಇಲ್ಲ. ಆದರೆ ಅಳುವೂ ನಿಂತಿತು. ದೀಪ ಹಚ್ಚುವ ಹೊತ್ತಿನ ಅಳು ಕೂಡ ನಿಂತು, ಕೂಸು ಎಲ್ಲಿ ಕೂರಿಸಿದರೆ ಅಲ್ಲಿ ಕೂರುವುದು, ಯಾರು ಎತ್ತಿಕೊಂಡರೆ ಅವರ ಕಂಕುಳಲ್ಲಿರುವುದು, ಕೊಟ್ಟದ್ದನ್ನು ತಿನ್ನುವುದು. ಓಣಿಯವರು ಎಷ್ಟು ಗುಣದ ಕೂಸು ಎಂದರು. ನನ್ನ ಬಾಯಿಯ ಗುಣ ಎಂದೂ ಅಂದರು, ನಾನು ಒಪ್ಪಿಕೊಂಡೆ. ಅವ್ವ ನಿದ್ದೆ ಮಾಡಿದಳು. ನಾನೂ ಮಾಡಿದೆ. ದಣಿದವರಿಗೆ ಸದ್ದಿಲ್ಲದ್ದೆಲ್ಲ ಸುಖವೇ.

ಒಂದು ಮಧ್ಯಾಹ್ನ ಕೂಸು ರಾಟಿಯ ಹತ್ತಿರ ಆಡುತ್ತ ಕದಿರನ್ನು ಹಿಡಿಯಿತು. ಮೊನೆ ಅಂಗೈಗೆ ಚುಚ್ಚಿ ರಕ್ತ ಬಂತು. ಕೂಸು ಅಂಗೈ ನೋಡಿಕೊಂಡಿತು, ಅಂಗಿಗೆ ಒರೆಸಿತು, ಇನ್ನೊಂದು ಕೈಯಲ್ಲಿ ಆಟ ಮುಂದುವರಿಸಿತು. ಯಾರ ಕಡೆಗೂ ನೋಡಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಹೊಸ ಅಕ್ಕ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

“ತಮ್ಮಾ, ಅಳಲಿಲ್ಲ ಅದು.”

“ಚಲೋ ಆತಲ್ಲಕ್ಕಾ.”

“ಏನ್ ಚಲೋ ಆತು? ಮುಳ್ಳು ಚುಚ್ಚಿದ್ರ ನಮ್ಮೂರಾಗ ಕುರಿಮರಿ ಸುದ್ದಾ ಒದರತೈತಿ. ಇದು ಯಾಕ ಒದರಲಿಲ್ಲ?”

ಉತ್ತರವಿಲ್ಲದಾಗ ಯಾರನ್ನಾದರೂ ಅಣಕಿಸುವುದು ನನ್ನ ಅಭ್ಯಾಸ. ಅವತ್ತು ಅದಕ್ಕೂ ಯಾರೂ ನೆನಪಾಗಲಿಲ್ಲ.

ಮಾರನೆಯ ಬೆಳಿಗ್ಗೆ ಆಕೆ ತನ್ನದೇ ಸೀರೆಯುಟ್ಟು, ಅಕ್ಕನ ಸೀರೆಯನ್ನು ಒಗೆದು ಮಡಿಸಿ ಅವ್ವನ ಮುಂದಿಟ್ಟಳು. ಅವ್ವನ ಮುಖ ಕೆಂಪಾಯಿತು. “ಯಾಕವ್ವಾ, ನನ್ನ ಮಗಳ ಸೀರಿ ಉಟ್ರ ಮೈ ತುರಸತೈತೇನು?”

“ಹಂಗನಬ್ಯಾಡವ್ವಾ. ಆಕಿನ್ನ ಕೊರಳಾಗ ಇಟ್ಕೊಂಡೀನಿ, ತೆಗಿಯಂಗಿಲ್ಲ. ಮೈ ತುಂಬಾ ಆಕೀನ ಆದ್ರ, ಕೂಸು ನನ್ನ ಎಲ್ಲಿ ಹುಡುಕಬೇಕು?”

ಅವತ್ತಿನಿಂದ ಆಕೆ “ಬಂಗಾರೀ” ಅನ್ನಲಿಲ್ಲ. ತನ್ನ ಗಡಸು ದನಿಯಲ್ಲಿ, ತನ್ನ ತೆಲುಗಿನಲ್ಲಿ, “ರಾ ತಲ್ಲೀ” ಎಂದು ಕರೆದಳು. ಬಾ ತಾಯೀ ಎಂದು. ಕೂಸು ಬರಲಿಲ್ಲ. ಬರದಿದ್ದರೆ ಹೋಗಿ ಎತ್ತಿಕೊಳ್ಳಲೂ ಇಲ್ಲ. ಕೈಗೆಟಕುವಷ್ಟು ದೂರದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

ನಮ್ಮ ಮನೆಯಲ್ಲಿ ಹೊರಗೆ ಹೋಗುವವರು ಕೂಸಿಗೆ ಕಾಣದಂತೆ ಹೋಗಬೇಕೆಂಬ ನೇಮವಿತ್ತು. ಕೈಗೆ ಬೆಲ್ಲ ಕೊಟ್ಟು, ಅದು ಆ ಕಡೆ ತಿರುಗಿದಾಗ ಹಿತ್ತಲಿನಿಂದ ಜಾರುವುದು. ಅವ್ವನಂತೂ ಕಳ್ಳರಿಗೆ ಕಲಿಸುವಷ್ಟು ಚೆನ್ನಾಗಿ ಜಾರುತ್ತಿದ್ದಳು. ಹೊಸ ಅಕ್ಕ ಅದನ್ನು ಮುರಿದಳು. ಬಾವಿಗೆ ಹೋಗುವ ಮುಂಚೆ ಕೂಸಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, “ನೀರಿಗೆ ಹೋಗಿ ಬರ್ತೀನಿ. ಅಲ್ಲಿ ತನಕ ನನ್ನ ತಂಬಿಗಿ ನಿನ್ನ ಕೈಯಾಗಿರ್ಲಿ,” ಎಂದು ತಾನು ನೀರು ಕುಡಿಯುವ ಹಿತ್ತಾಳೆ ತಂಬಿಗೆಯನ್ನು ಕೊಡುವಳು. ಬಂದ ಕೂಡಲೇ, ಕೊಡ ಇಳಿಸುವುದಕ್ಕೂ ಮೊದಲು, “ಬಂದೆ. ನನ್ನ ತಂಬಿಗಿ ಕೊಡು,” ಅನ್ನುವಳು.

ಮೊದಮೊದಲು ಕೂಸು ತಂಬಿಗೆಯನ್ನು ಎಸೆಯಿತು. ಆಮೇಲೆ ಇಟ್ಟುಕೊಂಡಿತು. ಆಮೇಲೆ, ನಮ್ಮ ಹಣೆಬರಹಕ್ಕೆ, ಮತ್ತೆ ಅಳತೊಡಗಿತು. ಆಕೆ ಬಾಗಿಲು ದಾಟಿದರೆ ಅಳು, ಬಂದರೆ ಅಳು, ತಂಬಿಗೆ ಕೊಡುವಾಗ ಅಳು.

“ಆರಿದ ಒಲಿ ಮತ್ತ ಹಚ್ಚಿದ್ಯಲ್ಲವ್ವಾ,” ಎಂದು ಅವ್ವ ಸೊಂಟ ಹಿಡಿದುಕೊಂಡಳು. ನಾನು ಮಗ್ಗದ ಕುಣಿಯಿಂದ ಪೇಶ್ಕಾರರ ದನಿಯಲ್ಲಿ ಖಾಮೋಶ್ ಎಂದು ಗದರಿದೆ. ಯಾರೂ ನಗಲಿಲ್ಲ. ನಗುವ ಶಕ್ತಿ ಯಾರಲ್ಲಿತ್ತು?

ಹೊಸ ಅಕ್ಕ ದೇವತೆಯೇನಲ್ಲ. ಒಂದು ಸಂಜೆ ಅಳು ತಡೆಯಲಾಗದೆ, “ಸಾಯಂಗಾತು ನನಗ! ಸುಮ್ನಿರು!” ಎಂದು ಸೌಟು ಎಸೆದು ಹಿತ್ತಲಿಗೆ ಹೋದಳು. ಸೌಟು ನನ್ನ ಪಾದದ ಹತ್ತಿರ ಬಿತ್ತು. ನಾನು ಹೆದರಲಿಲ್ಲವೆಂದು ಈಗ ಬರೆದರೆ ಸುಳ್ಳು. ಕೂಸೂ ಹೆದರಿ ಗೋಡೆಗೆ ಒತ್ತಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ಆಕೆ ಮುಖ ತೊಳೆದುಕೊಂಡು ಬಂದು, ನೆಲದ ಮೇಲೆ ಕಾಲು ಚಾಚಿ ಕೂತು, ದೊಡ್ಡವರಿಗೆ ಹೇಳುವ ಹಾಗೆ ಹೇಳಿದಳು: “ಸಿಟ್ಟು ಬಂದಿತ್ತು ತಲ್ಲೀ. ಈಗ ಹೋತು. ನಾ ಎಲ್ಲೂ ಹೋಗಿಲ್ಲ.” ಕೂಸಿಗೆ ಎಷ್ಟು ತಿಳಿಯಿತೋ. ಬಹಳ ಹೊತ್ತಾದ ಮೇಲೆ ಗೋಡೆ ಬಿಟ್ಟು ಬಂದು, ಆಕೆಯ ಕಾಲ ಹೆಬ್ಬೆರಳನ್ನು ಒಂದು ಸಲ ಮುಟ್ಟಿ, ವಾಪಸು ಹೋಯಿತು. ಆಕೆ ಅಲುಗಾಡಲಿಲ್ಲ. ಕಾಲು ಜೋಮು ಹಿಡಿಯುವ ತನಕ ಹಾಗೇ ಚಾಚಿಕೊಂಡಿದ್ದಳು.

ನನಗೆ ಬುದ್ಧಿ ಬಂದಿರಲಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. ಒಂದು ದಿನ ಕದದ ಹಿಂದೆ ನಿಂತು, ಹೊಸ ಅಕ್ಕನ ದನಿಯಲ್ಲೇ ಕರೆದೆ: “ರಾ ತಲ್ಲೀ, ನನ್ನ ತಂಬಿಗಿ ತಾ.” ಗಟ್ಟುವಿನ ಗಡಸು, ತೆಲುಗಿನ ಎಳೆತ, ಒಂದೂ ತಪ್ಪಲಿಲ್ಲ. ಕೂಸು ಕದದ ಕಡೆ ನೋಡಿತು. ಆಮೇಲೆ ಒಲೆಯ ಮುಂದೆ ಕೂತಿದ್ದ ಆಕೆಯನ್ನು ನೋಡಿತು. ತಂಬಿಗೆ ತೆಗೆದುಕೊಂಡು ಹೋಗಿ ಒಲೆಯ ಮುಂದೆ ಕೂತವಳ ಮಡಿಲಲ್ಲಿಟ್ಟಿತು. ಪೇಶ್ಕಾರರ ಮನೆಯ ಆಳುಗಳನ್ನೇ ನಂಬಿಸಿದ್ದ ಬಾಯಿ ನನ್ನದು.

“ಯಾಕ ತಮ್ಮಾ,” ಅಂದಳು ಹೊಸ ಅಕ್ಕ, ರೊಟ್ಟಿ ತಿರುವಿ ಹಾಕುತ್ತ, “ಇವತ್ತು ನಿನ್ನ ದುಕಾನ ನಡೀಲಿಲ್ಲಲ್ಲ?”

ಪಂಚಮಿಗೆ ಎರಡು ದಿನ ಇರುವಾಗ ಗದ್ವಾಲದ ಅತ್ತೆ ಬಂದಳು. ಮಳೆ ಬಿದ್ದು ಕೃಷ್ಣೆ ಏರಿತ್ತು. ದೋಣಿಯಲ್ಲಿ ಹೊಳೆ ದಾಟಿ, ಮಕ್ತಲದಲ್ಲಿ ಭಾವನನ್ನು ಕರೆದುಕೊಂಡು, ಸೀರೆಯ ಅಂಚು ಒದ್ದೆಯಾಗಿಯೇ ಬಂದಿದ್ದಳು. ಆಕೆ ಯಾವ ಮಾತನ್ನೂ ಎರಡು ಸಲ ಹೇಳುತ್ತಾಳೆ. “ಕುಂದ್ರು, ಕುಂದ್ರು. ಉಂಡಿ ತಂದೀನಿ, ಉಂಡಿ.” ನನಗೆ ಬಾಯಿ ತುರಿಸಿತು. ಕೂಸಿಗೆ ಬೆಳ್ಳಿಯ ಕಾಲ್ಗಡಗವನ್ನೂ ತಂದಿದ್ದಳು. ಮಲಗಲು ಹೊಸ ಹಾಸಿಗೆ ಹೊಲಿಸಿಟ್ಟಿದ್ದಾಳಂತೆ. ಹೇಳುವಾಗ ಆಕೆಯ ಕಣ್ಣು ತುಂಬಿತು. ಅದನ್ನು ಅಣಕಿಸಲು ನನಗೆ ಮನಸ್ಸಾಗಲಿಲ್ಲ.

ಹೊಸ ಅಕ್ಕ ಎಲ್ಲರಿಗೂ ನಮಸ್ಕಾರ ಮಾಡಿದಳು. ಕೂಸಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ನೀರಿಗೆ ಹೋಗಿ ಬರುವುದನ್ನು ಹೇಳಿದಳು, ತಂಬಿಗೆ ಕೊಟ್ಟು ಹೋದಳು. ಕೂಸು ಹೊಸ್ತಿಲ ತನಕ ಹೋಗಿ ಸ್ವಲ್ಪ ಅತ್ತು, ವಾಪಸು ಬಂದು ಮಗ್ಗದ ಹತ್ತಿರ ತಂಬಿಗೆ ಉರುಳಿಸಿಕೊಂಡು ಆಡತೊಡಗಿತು. ಉರುಳಿದ ತಂಬಿಗೆಯ ಹಿಂದೆ ಓಡಿ, ಕುಣಿಯ ಅಂಚಿನಲ್ಲಿ ಎಡವಿ, ಮಗ್ಗದ ಮರಕ್ಕೆ ಬಾಯಿ ಬಡಿದುಕೊಂಡಿತು. ತುಟಿ ಒಡೆದು ರಕ್ತ ಬಂತು.

ಅತ್ತೆಯೇ ಎಲ್ಲರಿಗಿಂತ ಮೊದಲು ಎದ್ದು ಎತ್ತಿಕೊಂಡಳು. ಸೆರಗಿನಿಂದ ರಕ್ತ ಒತ್ತಿದಳು. ಉಂಡಿ ಮುರಿದು ಕೊಟ್ಟಳು. ಕೂಸು ಸುಮ್ಮನೆ ಇತ್ತು. ಉಂಡಿಯನ್ನು ಕೈಯಲ್ಲಿ ಹಿಡಿದು, ತುಟಿ ಬಾತುಕೊಂಡು, ಬಾಗಿಲ ಕಡೆ ನೋಡುತ್ತ ಸುಮ್ಮನೆ ಕೂತಿತ್ತು.

“ಅಳಲಿಲ್ಲ, ನೋಡ್ರಿ, ಅಳಲಿಲ್ಲ,” ಎಂದು ಅತ್ತೆ ಭಾವನ ಕಡೆ ನೋಡಿದಳು. “ನನ್ನ ಕೈಯಾಗ ಹೆಂಗ ತಣ್ಣಗ ಕುಂತೈತಿ.”

ಭಾವ ತಲೆ ತಗ್ಗಿಸಿದ.

ಆಗಲೇ ಹೊಸ ಅಕ್ಕ ಕೊಡ ಹೊತ್ತು ಒಳಗೆ ಬಂದಳು. “ಬಂದೆ,” ಅಂದಳು. ಅಷ್ಟೇ. ಕೂಸಿನ ಬಾತ ತುಟಿ ನಡುಗಿತು, ಉಂಡಿ ಕೆಳಗೆ ಬಿತ್ತು, ಅತ್ತೆಯ ಮಡಿಲಿನಿಂದ ಜಾರಿ ಇಳಿದು, ಓಣಿಯ ಆ ಕೊನೆಗೆ ಕೇಳುವ ಹಾಗೆ ಅರಚುತ್ತ ಓಡಿ ಆಕೆಯ ಕಾಲಿಗೆ ಬಿತ್ತು. ಕೊಡ ಇಳಿಸಲು ಬಿಡಲಿಲ್ಲ. ಅರ್ಧ ನೀರು ಇಬ್ಬರ ಮೇಲೂ ಚೆಲ್ಲಿತು. ಎತ್ತಿಕೊಂಡ ಮೇಲೆ ಇನ್ನೂ ಜೋರಾಯಿತು. ತುಟಿ ತೋರಿಸುವುದು, ಮಗ್ಗದ ಮರವನ್ನು ತೋರಿಸುವುದು, ಮತ್ತೆ ಅಳುವುದು.

ಅತ್ತೆ ಖಾಲಿ ಮಡಿಲಿನಲ್ಲಿ ಕೈಯಿಟ್ಟುಕೊಂಡು ಗಟ್ಟಿಯಾಗಿಯೇ ಅಂದಳು: “ನನ್ನ ಹತ್ರ ಸುಮ್ನಿತ್ತು, ಸುಮ್ನಿತ್ತು. ನಿನ್ನ ಮಾರಿ ನೋಡಿದ ಕೂಡ್ಲೆ ಹೆಂಗ ಅಳಾಕ ಹತ್ತೈತಿ ನೋಡವ್ವಾ. ಇನ್ನೇನ್ ಹೊಂದತೈತಿ?”

ನನ್ನ ಗಂಟಲಲ್ಲಿ ಅಕ್ಕನ ದನಿ ಬಂದು ನಿಂತಿತ್ತು. ಒಂದು “ಬಂಗಾರೀ…” ಅಂದರೆ ಅಳು ನಿಂತೀತು, ಮಾನ ಉಳಿದೀತು ಎಂದು ಬಾಯಿ ತೆರೆದೆ. ಅವ್ವ ನನ್ನ ಕಡೆ ನೋಡಿದಳು. ಮುಚ್ಚಿದೆ.

ಮುಂದಿನ ಕಥೆ ಚಿಕ್ಕದು. ಅತ್ತೆ ಕಾಲ್ಗಡಗ ಬಿಟ್ಟು ಹಬ್ಬ ಮುಗಿಸಿ ಒಬ್ಬಳೇ ಗದ್ವಾಲಿಗೆ ಹೋದಳು. ಹೊಸ ಹಾಸಿಗೆಯನ್ನು ಆಮೇಲೆ ಮಕ್ತಲಿಗೆ ಕಳಿಸಿಕೊಟ್ಟಳು. ಕೂಸು ತಂಬಿಗೆ ಹಿಡಿದುಕೊಂಡು, ಬಸ್ಸಿನ ಕಿಟಕಿಯಲ್ಲಿ ಹೊಸ ಅಕ್ಕನ ಕೊರಳಿನ ಬೆಳ್ಳಿ ಬಿಲ್ಲೆಯನ್ನು ಕಚ್ಚುತ್ತ ಮಕ್ತಲಿಗೆ ಹೋಯಿತು. ನಮ್ಮ ಮನೆ ಸದ್ದಿಲ್ಲದಾಯಿತು. ಅವ್ವ ನಿದ್ದೆ ಬರುವುದಿಲ್ಲ ಅನ್ನತೊಡಗಿದಳು. ನಾನು ಇಂದಿಗೂ ಎಲ್ಲರ ದನಿ ಮಾಡುತ್ತೇನೆ, ಅಕ್ಕನದೊಂದನ್ನು ಬಿಟ್ಟು.

ಆದರೆ ಇದೆಲ್ಲ ತೀರ್ಮಾನವಾದದ್ದು ಆ ಹೊತ್ತಿನಲ್ಲೇ, ಅತ್ತೆಯ ಆ ಮಾತಿಗೆ ಉತ್ತರ ಸಿಕ್ಕಾಗ. ಹೊಸ ಅಕ್ಕ ಒದ್ದೆ ಸೀರೆಯಲ್ಲಿ, ಅಳುವ ಕೂಸನ್ನು ಎದೆಗೆ ಒತ್ತಿಕೊಂಡು, ಸಿಟ್ಟಿಲ್ಲದೆ, ಸುಸ್ತಾದ ದನಿಯಲ್ಲಿ ಅಂದಳು:

“ನಿಮ್ಮ ಮುಂದ ಯಾಕ ಅಳಬೇಕ್ರಿ ಅಕ್ಕಾರ? ಅಳಾಕೂ ನಮ್ಮೋರು ಬೇಕಲ್ರಿ.”